ತಿರುಗಿ ಹೇಳದ ಮಾತು

ಮೂರು ಸಾವಿರದ ನೂರ ಹನ್ನೆರಡು ಜನರ ದನಿ ಹೋದ ದಿನ ನನ್ನ ಯಂತ್ರ ಒಂದೇ ಒಂದು ತಪ್ಪನ್ನೂ ಮಾಡಿರಲಿಲ್ಲ. ತನಿಖೆಗೆ ಬಂದವರು ಅದನ್ನು ಬಿಚ್ಚಿ, ಜೋಡಿಸಿ, ಹದಿನೈದು ದಿನ ಪರೀಕ್ಷೆ ಮಾಡಿ, ಯಾವ ದೋಷವೂ ಇಲ್ಲವೆಂದು ಬರೆದುಕೊಟ್ಟರು. ಆ ಕಾಗದ ನನ್ನ ಹತ್ತಿರವೇ ಇದೆ. ಓದಿದಾಗಲೆಲ್ಲ ಮೈ ಉರಿಯುತ್ತದೆ, ಏಕೆಂದರೆ ಅದರಲ್ಲಿ ಬರೆದಿರುವುದು ನಿಜ.

ಹುಬ್ಬಳ್ಳಿಯ ದನಿಮನೆ ಸಂಸ್ಥೆಯ ಬಗ್ಗೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಕ್ಯಾನ್ಸರ್ ಆಗಿ ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಳ್ಳಬೇಕಾದವರು ಆಪರೇಷನ್ನಿಗೆ ಮೊದಲು ಮೂರು ದಿನ ಇಲ್ಲಿ ಬಂದು ಕೂತು ಮಾತಾಡುತ್ತಿದ್ದರು. ಮಗ್ಗಿ, ಬೈಗುಳ, ಜೋಗುಳ, ಸಂತೆಯ ದರ, ಬಾಯಿಗೆ ಬಂದದ್ದು. ನಮ್ಮ ಕಂಪ್ಯೂಟರುಗಳು ಆ ದನಿಯ ಹದ ಕಲಿತುಕೊಳ್ಳುತ್ತಿದ್ದವು. ಆಮೇಲೆ ಕುತ್ತಿಗೆಗೆ ಒಂದು ಕೊರಳಪಟ್ಟಿ ಕಟ್ಟುತ್ತಿದ್ದೆವು. ಮನುಷ್ಯ ತುಟಿ, ನಾಲಗೆ ಆಡಿಸಿದರೆ ಸಾಕು, ಪಟ್ಟಿ ಆ ಅಲುಗಾಟವನ್ನು ದನಿಮನೆಗೆ ಕಳಿಸುತ್ತಿತ್ತು. ಅಲ್ಲಿಂದ ಅವನದೇ ದನಿ ಕಣ್ಣು ಮಿಟುಕಿಸುವುದರೊಳಗೆ ತಿರುಗಿ ಬಂದು ಪಟ್ಟಿಯಿಂದ ಹೊರಡುತ್ತಿತ್ತು. ದನಿ ಇದ್ದದ್ದು ಕೊರಳಲ್ಲಲ್ಲ, ದನಿಮನೆಯಲ್ಲಿ. ಈ ಒಂದು ವಿಷಯ ನೆನಪಿಟ್ಟುಕೊಂಡರೆ ಮುಂದಿನದು ತಾನಾಗಿ ತಿಳಿಯುತ್ತದೆ.

ಆ ಜನರಲ್ಲಿ ನಮ್ಮ ಮನೆಯವರು ಗುರುಸಿದ್ಧಪ್ಪ ಒಬ್ಬರು. ಕುಸ್ತಿ ಪಂದ್ಯಗಳಿಗೆ ಮೈಕು ಹಿಡಿದು ಕಾಮೆಂಟರಿ ಹೇಳುತ್ತಿದ್ದವರು. ಬೀಡಿ ಬಿಡಿರೆಂದು ನಾನು ಹನ್ನೆರಡು ವರ್ಷ ಬಡಕೊಂಡೆ; ಕೊನೆಗೆ ಗಂಟಲೇ ಹೋದಮೇಲೆ ಬಿಟ್ಟರು. ಕೊರಳಪಟ್ಟಿ ಕಟ್ಟಿದ ದಿನ ಅವರು ಆಡಿದ ಮೊದಲ ಮಾತು, "ಏ ನೀಲಾ, ಚಾ ಹಾಕ." ಅದೇ ಒರಟು, ಅದೇ ಮೂಗಿನ ಎಳೆತ. ಒಲೆಯ ಮುಂದೆ ನಿಂತು ನಾನು ಅತ್ತುಬಿಟ್ಟೆ. ಆರು ತಿಂಗಳಲ್ಲಿ ಅವರು ಮತ್ತೆ ಕುಸ್ತಿ ಕಣಕ್ಕೆ ಹೋದರು.

ನಾನು ನೀಲಗಂಗಾ, ದನಿಮನೆಯ ಪ್ರಯೋಗಶಾಲೆಯಲ್ಲಿ ಎಂಜಿನಿಯರ್ ಆಗಿದ್ದೆ. ಕೊರಳಪಟ್ಟಿ ನನ್ನದಲ್ಲ. ನನ್ನದು 'ಸುಬೋಧ'.

ಅದು ಹುಟ್ಟಿದ್ದು ಒಂದು ಅವಮಾನದಿಂದ. ನಮ್ಮ ಅಧ್ಯಕ್ಷರು ಚನ್ನವೀರಪ್ಪ ಹೊಂಬಳ, ಹತ್ತಿ ಜಿನ್ನಿಂಗ್ ಮಿಲ್ಲು ನಡೆಸಿದವರು. ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದರು, ಆದರೆ ಬೆರಳಲ್ಲಿ ತಿಕ್ಕಿ ನೋಡಿ ಹತ್ತಿಯ ಜಾತಿ ಹೇಳುತ್ತಿದ್ದರು. ಒಮ್ಮೆ ಪರವೂರಿನ ಕಂಪನಿಯವನೊಬ್ಬ ಬಂದು ಪರದೆಯ ಮೇಲೆ ಚಿತ್ರ ಬಿಟ್ಟು ಕ್ಲೌಡು, ಸರ್ವರು, ಲೇಟೆನ್ಸಿ, ಮೈಗ್ರೇಶನ್ ಎಂದು ಒಂದು ತಾಸು ಉದುರಿಸಿದ. ಹೊಂಬಳ ಸಾಹೇಬರು ಕೈ ಎತ್ತಿ, "ತಮ್ಮಾ, ಸರ್ವರ್ ಅಂದ್ರ ಏನಪಾ?" ಅಂದರು. ಅವನು ನಕ್ಕು, "ಅದನ್ನ ನಮಗೆ ಬಿಡಿ ಸಾರ್, ನೀವು ಸಹಿ ಮಾಡಿ ಸಾಕು" ಅಂದ. ಮುದುಕರು ಸಹಿ ಮಾಡಲಿಲ್ಲ. ಆದರೆ ಅವರ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಆಸ್ಪತ್ರೆ, ಬ್ಯಾಂಕು, ನಗರಸಭೆ ಎಲ್ಲ ಕಡೆಯೂ ಹೀಗೇ ಅಲ್ಲವೆ? ತೀರ್ಮಾನ ಮಾಡುವವರಿಗೆ ಮಾತು ತಿಳಿಯುವುದಿಲ್ಲ, ಮಾತು ತಿಳಿದವರಿಗೆ ತೀರ್ಮಾನದ ಅಧಿಕಾರವಿಲ್ಲ. ತಿಳಿಸುವ ಯಂತ್ರವೊಂದಿದ್ದರೆ?

ಗೊತ್ತಾಗದ ಮಾತು ಕಿವಿಗೆ ಬಿದ್ದಾಗ ಮನುಷ್ಯನ ಹಣೆಯ ಹಿಂದೆ ಒಂದು ಬಿಗಿತ ಹುಟ್ಟುತ್ತದೆ. ತಿಳಿದ ಕ್ಷಣ ಅದು ಸಡಿಲಾಗುತ್ತದೆ. ಆ ಬಿಗಿತಕ್ಕೆ ನಾವು 'ಗಂಟು' ಎನ್ನುತ್ತಿದ್ದೆವು. ಸುಬೋಧ ಎಂದರೆ ಹಣೆಗೊಂದು ಪಟ್ಟಿ, ಕಿವಿಗೊಂದು ಗುಂಡಿ, ಮೇಜಿನ ಮೇಲೊಂದು ಪುಟ್ಟ ದೀಪ. ತಾಂತ್ರಿಕ ಮಾತು ಬಂದೊಡನೆ ಅದು ಕಿವಿಯಲ್ಲಿ ಮನೆಮಾತಿನ ಉದಾಹರಣೆ ಹೇಳುತ್ತದೆ. ಗಂಟು ಬಿಚ್ಚಲಿಲ್ಲವೆ? ಬೇರೆ ಉದಾಹರಣೆ. ಬಿಚ್ಚುವವರೆಗೂ ದೀಪ ಕೆಂಪು, ಬಿಚ್ಚಿದೊಡನೆ ಹಸಿರು. ಎಂಥ ಗಟ್ಟಿ ಬೇಳೆಯನ್ನೂ ಕಡೆದು ತೆಳ್ಳಗೆ ಮಾಡುತ್ತದೆಂದು ನಮ್ಮ ಹುಡುಗರು ಅದಕ್ಕೆ 'ತಿಳಿಸಾರು' ಎಂದು ಅಡ್ಡಹೆಸರಿಟ್ಟಿದ್ದರು. ನಾನೂ ನಗುತ್ತಿದ್ದೆ.

ಸುಬೋಧ ಬರುವ ಮೊದಲು ದನಿಮನೆಯಲ್ಲಿ ಬೇರೆಯದೇ ಒಂದು ರೂಢಿ ಇತ್ತು. ಅದನ್ನು ಹುಟ್ಟುಹಾಕಿದವಳು ಫಕೀರವ್ವ ಬಾರಕೇರ. ದುರ್ಗದಬೈಲಿನ ಮಾರುಕಟ್ಟೆಯಲ್ಲಿ ಸೊಪ್ಪುಪಲ್ಲೆ ಮಾರುವವಳು. ದನಿಮನೆಯ ಮೊದಲ ಕೊರಳಪಟ್ಟಿ ಕಟ್ಟಿಕೊಂಡವನು ಅವಳ ಗಂಡ, ಹಾಗಾಗಿ ಅವಳು ಮೊದಲಿನಿಂದಲೂ ಆಡಳಿತ ಮಂಡಳಿಯ ಸದಸ್ಯೆ. ಯಾವ ವಿಷಯವಾದರೂ ಸರಿ, ಫಕೀರವ್ವ ಅದನ್ನು ತನ್ನ ಮಾತಲ್ಲಿ ತಿರುಗಿ ಹೇಳಬೇಕು. ಹೇಳಿದ್ದು ಸರಿಯೆಂದು ಕಂಟ್ರೋಲ್ ರೂಮಿನ ಮುಖ್ಯಸ್ಥ ದಾವಲಸಾಬ ನದಾಫ ಒಪ್ಪಬೇಕು. ಅಲ್ಲಿಯವರೆಗೆ ಠರಾವು ಪಾಸಾಗುತ್ತಿರಲಿಲ್ಲ.

"ಸರ್ವರ್ ಅಂದ್ರ ಖಾನಾವಳಿ ಇದ್ದಂಗ," ಎಂದು ಅವಳು ಒಮ್ಮೆ ಹೇಳಿದ್ದು ನನಗೆ ಇನ್ನೂ ನೆನಪಿದೆ. "ಕೊರಳಪಟ್ಟಿ ಗಿರಾಕಿ. ಕೇಳಿದ್ದು ಒಳಗಿಂದ ಬರತೈತಿ. ಖಾನಾವಳಿ ಬಾಗಲಾ ಹಾಕಿತು ಅಂದ್ರ ಎಲ್ಲಾರೂ ಉಪಾಸ. ಹೌದಿಲ್ಲೋ ದಾವಲಣ್ಣಾ?"

"ಹೌದವ್ವಾ. ಆದ್ರ ಗಿರಾಕಿ ಹತ್ರ ಬುತ್ತಿನೂ ಇಲ್ಲ, ಅದನ್ನ ಮರೀಬ್ಯಾಡ್ರಿ."

"ಅಂದ್ರ ಖಾನಾವಳಿ ಬಂದ್ ಆದ್ರ ಹಾದ್ಯಾಗಿದ್ದಾವ ಹಾದ್ಯಾಗ, ಮನ್ಯಾಗಿದ್ದಾವ ಮನ್ಯಾಗ ಮೂಕ. ಹಂಗನು?"

"ಹಂಗ ಅವ್ವಾ."

ಆಮೇಲೆಯೇ ಠರಾವು. ಒಂದು ವಿಷಯಕ್ಕೆ ಮೂರು ಮೀಟಿಂಗು ಹಿಡಿದದ್ದೂ ಉಂಟು. ಉಪ್ಪಿಟ್ಟು ಆರಿ ಕಲ್ಲಾಗುತ್ತಿತ್ತು, ನನಗೆ ತಲೆ ಕೆಡುತ್ತಿತ್ತು. ಸುಬೋಧ ಬಂದ ತಿಂಗಳೇ ನಾನು ಅಧ್ಯಕ್ಷರಿಗೆ ಹೇಳಿದೆ, "ಇನ್ನ ತಿರುಗಿ ಹೇಳೂದು ಬ್ಯಾಡ್ರಿ. ಎಲ್ಲಾರ ದೀಪಾ ಹಸಿರಾತು ಅಂದ್ರ ತಿಳೀತು ಅಂತ ತಿಳ್ಕೋಬಹುದು." ಅವರು ಒಪ್ಪಿದರು. ರೂಢಿ ನಿಂತಿತು. ಹೌದು, ನಾನೇ ನಿಲ್ಲಿಸಿದೆ. ಇದನ್ನು ತನಿಖೆಯವರು ಕೇಳಲೇ ಇಲ್ಲ, ನಾನೂ ಹೇಳಲಿಲ್ಲ.

ಆ ಮೀಟಿಂಗು ನಡೆದದ್ದು ಒಂದು ಶನಿವಾರ ಬೆಳಿಗ್ಗೆ. ದಾವಲಸಾಬ ಎದ್ದು ನಿಂತ. ಕಡಿಮೆ ಮಾತಿನ ಮನುಷ್ಯ, ಮುಖ ನೋಡಿ ಮಾತಾಡುವುದಕ್ಕೂ ಸಂಕೋಚ.

"ನಮ್ಮ ದನಿ ಎಲ್ಲಾ ಹುಬ್ಬಳ್ಳ್ಯಾಗ ಅದಾವ. ಬೆಳಗಾವ್ಯಾಗ ಅದರ ಮಿರರ್ ಐತಿ. ಮಿರರ್ ಅಂದ್ರ ಬ್ಯಾಕಪ್ ಅಲ್ರಿ. ಇಲ್ಲಿ ಕೆಟ್ಟಿದ್ದು ಅಲ್ಲೂ ಕೆಡತೈತಿ, ಆ ಕ್ಷಣಾನ. ಬ್ಯಾಕಪ್ ಬ್ಯಾರೆ ಐತಿ, ದಿನಾ ತಗೊಳಾಕತ್ತೀವಿ. ಆದ್ರ ಅದನ್ನ ರಿಸ್ಟೋರ್ ಮಾಡಿ ಒಮ್ಮಿನೂ ನೋಡಿಲ್ಲ. ದನಿ ಖರೇನ ತಿರುಗಿ ಬರತಾವೋ ಇಲ್ಲೋ ನನಗ ಗೊತ್ತಿಲ್ಲ. ನೋಡಬೇಕಂದ್ರ ಎಲ್ಲಾ ಮಷೀನೂ ಅದಕ್ಕ ಬೇಕು. ಬರೂ ವಾರದ ಐತವಾರ ಒಂದಿನಾ, ಮುಂಜಾನಿಂದ ಸಂಜೀತನಕ ಎಲ್ಲಾ ಕೊರಳಪಟ್ಟಿ ಬಂದ್ ಮಾಡಬೇಕು."

ಒಂದು ದಿನದ ಮೌನ. ಅವನು ಕೇಳಿದ್ದು ಅಷ್ಟೇ. ಅವನು ಗೊತ್ತುಮಾಡಿದ್ದ ಐತವಾರ ನವಲಗುಂದದಲ್ಲಿ ದೊಡ್ಡ ಕುಸ್ತಿ ಇತ್ತು. ಗುರುಸಿದ್ಧಪ್ಪನವರು ಆಪರೇಷನ್ ಆದಮೇಲೆ ಮೊದಲ ಬಾರಿಗೆ ಅಷ್ಟು ದೊಡ್ಡ ಕಣದಲ್ಲಿ ಮೈಕು ಹಿಡಿಯುವವರಿದ್ದರು. ಹದಿನೈದು ದಿನದಿಂದ ಕನ್ನಡಿಯ ಮುಂದೆ ನಿಂತು, "ನೋಡ್ರಿ ನೋಡ್ರಿ, ಢಾಕ ಹೊಡದಾ, ಎತ್ತಿ ಬಿಸಾಕಿದಾ!" ಎಂದು ಮನೆಯ ಗೋಡೆ ನಡುಗಿಸುತ್ತಿದ್ದರು. ಬೇರೆ ಐತವಾರ ಕೇಳಬಹುದಿತ್ತು. ನಾನು ಕೇಳಲಿಲ್ಲ, ಸುಮ್ಮನೆ ದೀಪಗಳನ್ನು ನೋಡುತ್ತ ಕೂತೆ.

ಅಧ್ಯಕ್ಷರ ದೀಪ ಕೆಂಪಾಗಿತ್ತು. ಬಹಳ ಹೊತ್ತು ಕೆಂಪಾಗಿಯೇ ಇತ್ತು. ಅವರು ಹಣೆ ಒತ್ತಿಕೊಂಡರು, ಕುರ್ಚಿಯ ಕೈ ಹಿಡಿದುಕೊಂಡರು. ಆಮೇಲೆ ಮುಖ ಸಡಿಲಾಯಿತು, ದೀಪ ಹಸಿರಾಯಿತು. ಒಂದೊಂದಾಗಿ ಎಲ್ಲ ದೀಪಗಳೂ ಹಸಿರಾದವು.

"ತಿಳೀತಪಾ ದಾವಲಸಾಬ," ಅಂದರು ಅಧ್ಯಕ್ಷರು. "ಚಲೋ ವಿಚಾರ. ಮುಂದಿನ ವರ್ಷ ಮಷೀನ್ ಬದಲಿ ಮಾಡೂ ಹೊತ್ತಿಗೆ ಇದನ್ನೂ ಮಾಡೂಣು. ಮಂದಿನ್ನ ಸುಮ್ಮಸುಮ್ಮನ ಒಂದಿನ ಮೂಕ ಮಾಡೂದು ಬ್ಯಾಡ."

ಫಕೀರವ್ವ ಹಣೆಪಟ್ಟಿ ಕಟ್ಟಿಕೊಳ್ಳುತ್ತಿರಲಿಲ್ಲ. ಕುಂಕುಮ ಅಳಿಸುತ್ತದೆ ಎನ್ನುತ್ತಿದ್ದಳು. ಗಂಡ ಸತ್ತಮೇಲೂ ಕುಂಕುಮ ಬಿಡದ ಹೆಂಗಸು ಅವಳು. ಮೂಲೆಯ ಕುರ್ಚಿಯಿಂದ, "ನಾ ಒಂದೀಟು ತಿರುಗಿ ಹೇಳ್ಲೇನ್ರಿ ಯಪ್ಪಾ?" ಅಂದಳು.

"ಯಾಕ ಬೇಕವಾ? ದೀಪಾ ಹಸಿರಾತಲ್ಲ."

"ನಂಗ ತಿಳೀಲಿಲ್ಲರಿ. ಅದಕ್ಕ ಕೇಳಿದೆ."

ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ಅವಳಿಗೆ, "ಆಮ್ಯಾಲೆ ನಾ ತಿಳಿಸಿ ಹೇಳ್ತೀನಿ ಬೇ, ಈಗ ಊಟದ ಹೊತ್ತಾತು" ಅಂದೆ. ಆಮೇಲೆ ಹೇಳಲಿಲ್ಲ. ದಾವಲಸಾಬ ತನ್ನ ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡು ಕಂಟ್ರೋಲ್ ರೂಮಿಗೆ ಹೋದ.

ನವಲಗುಂದದ ಕುಸ್ತಿ ಭರ್ಜರಿಯಾಯಿತು. ಕೊನೆಯ ಜೋಡಿಯ ಹೊತ್ತಿಗೆ ಗುರುಸಿದ್ಧಪ್ಪನವರ ದನಿ ಕೇಳಿ ಜನ ಎದ್ದು ನಿಂತು ಸೀಟಿ ಹೊಡೆದರು. ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು, "ನೀಲಾ, ನಾ ಸತ್ತಿಲ್ಲ ನೋಡ" ಅಂದರು. ಆ ದಿನವನ್ನು ಯಾರಾದರೂ ನನ್ನಿಂದ ಕಿತ್ತುಕೊಳ್ಳುತ್ತೇನೆಂದರೆ ಇವತ್ತಿಗೂ ಕೊಡಲಾರೆ. ಅದೇ ನನ್ನ ಸಂಕಟ.

ಐದು ತಿಂಗಳಾದ ಮೇಲೆ ಒಂದು ಬುಧವಾರ, ಬೆಳಿಗ್ಗೆ ಒಂಬತ್ತೂಕಾಲು. ಅವರು ರೊಟ್ಟಿ ತಿನ್ನುತ್ತಿದ್ದರು. "ನೀಲಾ, ಶೇಂಗಾ ಹಿಂಡಿ ಎಲ್ಲಿ..." ಎಂದವರು ಅಲ್ಲಿಗೇ ನಿಂತರು. ತುಟಿ ಆಡುತ್ತಿತ್ತು. ಬ್ಯಾಟರಿ ಇರಬೇಕೆಂದು ಪಟ್ಟಿಯನ್ನು ಎರಡು ಸಲ ತಟ್ಟಿಕೊಂಡರು. ನಾನು ಆ ಚಟ್ನಿಪುಡಿಯ ಡಬ್ಬಿ ಅವರ ಮುಂದಿಟ್ಟೆ. ಅಷ್ಟರಲ್ಲಿ ಬೀದಿಯ ಕೊನೆಯ ಮನೆಯಿಂದ ಒಬ್ಬಳು ಓಡಿ ಬಂದಳು. ಅವಳ ಅಣ್ಣನಿಗೂ ಕೊರಳಪಟ್ಟಿ ಇತ್ತು. ಅವಳ ಮುಖ ನೋಡಿಯೇ ನಾನು ದನಿಮನೆಗೆ ಓಡಿದೆ.

ಕಂಟ್ರೋಲ್ ರೂಮಿನಲ್ಲಿ ದಾವಲಸಾಬ ನೆಲದ ಮೇಲೆ ಕೂತಿದ್ದ. ಆಗಿದ್ದು ಇಷ್ಟೆ. ಬೆಳಿಗ್ಗೆ ಒಂದು ಪ್ಯಾಚ್ ಹಾಕಿದ್ದರು. ಪ್ಯಾಚ್ ಎಂದರೆ ಪ್ರೋಗ್ರಾಮಿನ ಸಣ್ಣ ತಿದ್ದುಪಡಿ, ತಿಂಗಳಿಗೊಮ್ಮೆ ಹಾಕುವಂಥದ್ದು. ಅದರಲ್ಲಿದ್ದ ಒಂದು ತಪ್ಪು ಪ್ರತಿಯೊಬ್ಬರ ದನಿಯ ಮೇಲೂ ಕಸ ಬರೆದುಬಿಟ್ಟಿತು. ಬೆಳಗಾವಿಯ ಮಿರರು ಆ ಕಸವನ್ನು ಎರಡೇ ಸೆಕೆಂಡಿನಲ್ಲಿ ಚಾಚೂ ತಪ್ಪದೆ ನಕಲು ಮಾಡಿಕೊಂಡಿತು. ಉಳಿದದ್ದು ಬ್ಯಾಕಪ್.

"ತಗದು ನೋಡಿದೇನು?" ಅಂದೆ.

ಅವನು ಪರದೆ ತೋರಿಸಿದ. ಸಾಲುಸಾಲು ಹೆಸರು, ಊರು, ತಾರೀಖು, ಎಲ್ಲ ಸರಿಯಾಗಿತ್ತು. ಗುರುಸಿದ್ಧಪ್ಪ ಎಂಬ ಹೆಸರೂ ಇತ್ತು. ಒತ್ತಿದರೆ ಒಳಗೆ ಏನೂ ಇಲ್ಲ. ಹದಿನಾಲ್ಕು ತಿಂಗಳ ಹಿಂದೆ ದನಿಗಳನ್ನು ಹೊಸ ಡಿಸ್ಕಿಗೆ ಸಾಗಿಸಿದ್ದರು. ಬ್ಯಾಕಪ್ ಪ್ರೋಗ್ರಾಮಿಗೆ ಹೊಸ ವಿಳಾಸ ಕೊಡುವುದನ್ನು ಯಾರೋ ಮರೆತಿದ್ದರು. ಅದು ಖಾಲಿ ಜಾಗವನ್ನೇ ದಿನಾ ನಿಷ್ಠೆಯಿಂದ ಪ್ರತಿ ಮಾಡಿ, ಕೆಳಗೆ 'ಯಶಸ್ವಿ' ಎಂದು ಬರೆಯುತ್ತಿತ್ತು. ವರ್ಷಕ್ಕಿಂತ ಹಳೆಯ ಪ್ರತಿಗಳನ್ನು ಅದೇ ಅಳಿಸಿಹಾಕಿತ್ತು. ಆಪರೇಷನ್ನಿಗೆ ಮೊದಲಿನ ಮೂರು ದಿನದ ಮೂಲ ಮಾತುಗಳೂ ಅದೇ ಡಿಸ್ಕಿನಲ್ಲಿದ್ದು ಕಸವಾಗಿದ್ದವು.

"ಒಂದಿನಾ ಕೇಳಿದ್ದೆ ಮೇಡಂ," ಅಂದ ದಾವಲಸಾಬ. "ಬರೇ ಒಂದಿನಾ." ಬೈದಿದ್ದರೆ ಚೆನ್ನಾಗಿತ್ತು.

ಆ ಶನಿವಾರ ಸುಬೋಧ ಅಧ್ಯಕ್ಷರ ಕಿವಿಯಲ್ಲಿ ಏನು ಹೇಳಿತ್ತೆಂದು ದನಿ ಹೋದ ದಿನವೇ ಮಧ್ಯಾಹ್ನ ತೆಗೆದು ನೋಡಿದೆ. ಎಲ್ಲ ದಾಖಲಾಗಿತ್ತು. ಮೊದಲು ಅದು ಹೇಳಿದ್ದು, 'ಮುಖಕ್ಕೆ ಮಸಿ ಹತ್ತಿದರೆ ಕನ್ನಡಿಯಲ್ಲಿನ ಮುಖಕ್ಕೂ ಹತ್ತುತ್ತದೆ.' ಗಂಟು ಬಿಗಿಯಾಯಿತು. ಆಮೇಲೆ, 'ಬೀಜದ ಜೋಳ ನೆಲದೊಳಗಿನ ಹಗೇವಿನಲ್ಲಿ ಮುಚ್ಚಿಟ್ಟಿದ್ದೀರಿ, ಒಮ್ಮೆಯೂ ತೆಗೆದು ನೋಡಿಲ್ಲ, ಹುಳ ತಿಂದು ಹೊಟ್ಟಾಗಿರಬಹುದು.' ಗಂಟು ಇನ್ನೂ ಬಿಗಿಯಾಯಿತು. ಮೂರನೆಯ ಸಲ, 'ಜೋಳ ಹಗೇವಿನಲ್ಲಿಟ್ಟಿದ್ದೀರಿ, ಆಗಾಗ ತೆಗೆದು ನೋಡುವುದು ಒಳ್ಳೆಯದು.' ಸ್ವಲ್ಪ ಸಡಿಲಾಯಿತು. ನಾಲ್ಕನೆಯ ಸಲ, 'ಜೋಳ ಎರಡು ಊರಿನಲ್ಲಿದೆ, ಹಗೇವಿನಲ್ಲೂ ಇಟ್ಟಿದ್ದೀರಿ.' ಗಂಟು ಬಿಚ್ಚಿತು. ಹಸಿರು.

ಒಂದೂ ಸುಳ್ಳಲ್ಲ. ಮೊದಲೆರಡು ಉದಾಹರಣೆಗಳಂತೂ ನಾನು ಕೇಳಿದ ಅತ್ಯುತ್ತಮ ವಿವರಣೆಗಳು. ಮುದುಕರಿಗೆ ಅವು ಸರಿಯಾಗಿ ತಿಳಿದಿದ್ದವು, ತಿಳಿದದ್ದಕ್ಕೇ ಹೆದರಿಕೆಯಾಗಿತ್ತು. ಹೆದರಿದವನ ಹಣೆಯೂ ಬಿಗಿಯುತ್ತದೆ. ಆ ಬಿಗಿತವನ್ನು ನನ್ನ ಯಂತ್ರ 'ಇನ್ನೂ ತಿಳಿದಿಲ್ಲ' ಎಂದು ಓದಿಕೊಂಡು, ಹೆದರಿಕೆ ಹೋಗುವವರೆಗೂ ಮಾತನ್ನು ತೆಳ್ಳಗೆ ಮಾಡುತ್ತ ಹೋಯಿತು. ಗಂಟು ಬಿಚ್ಚು ಎಂದು ಅದಕ್ಕೆ ಹೇಳಿದವಳು ನಾನು. ಅದು ಬಿಚ್ಚಿತು.

ವೈದ್ಯರನ್ನು ಕೇಳಿದೆವು, ಹೊರದೇಶದವರನ್ನೂ ಕೇಳಿದೆವು. ಗಂಟಲೇ ಇಲ್ಲದವರಿಂದ ಮೂರು ದಿನದ ಮಾತು ಎಲ್ಲಿಂದ ತರುವುದು? ಗುರುಸಿದ್ಧಪ್ಪನವರ ಕುಸ್ತಿಯ ಕಾಮೆಂಟರಿ ಜನರ ಫೋನುಗಳಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಇತ್ತು, ಆದರೆ ಎಲ್ಲದರಲ್ಲೂ ಹಲಗೆ ಬಡಿತ, ಸೀಟಿ, ಕೂಗಾಟ. ಎರಡು ತಿಂಗಳು ಅದನ್ನು ಸೋಸಿದೆ. ಬಂದ ದನಿಯನ್ನು ಕೇಳಿಸಿದಾಗ ಅವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸಂಸ್ಥೆಯವರು ಕೊನೆಗೆ ಅಂಗಡಿಯ ಸಿದ್ಧ ದನಿ ಕೊಂಡರು, ಗಂಡಸರಿಗೊಂದು, ಹೆಂಗಸರಿಗೊಂದು. ಈಗ ದುರ್ಗದಬೈಲಿನಲ್ಲಿ ಬಾಳೆಹಣ್ಣಿನವನೂ ಗಿರಾಕಿಯೂ ಒಂದೇ ದನಿಯಲ್ಲಿ ಚೌಕಾಶಿ ಮಾಡುತ್ತಾರೆ. ಮೊದಮೊದಲು ಜನ ನಕ್ಕರು. ಈಗ ಯಾರೂ ನಗುವುದಿಲ್ಲ. ನಮ್ಮ ಮನೆಯವರು ಆ ದನಿ ಬೇಡವೆಂದರು. ಕೊರಳಪಟ್ಟಿ ಬಿಚ್ಚಿ ಮೊಳೆಗೆ ನೇತುಹಾಕಿ, ಒಂದು ಪಾಟಿ, ಬಳಪ ತರಿಸಿಕೊಂಡರು.

ಹೊಂಬಳ ಸಾಹೇಬರು ರಾಜೀನಾಮೆ ಕೊಟ್ಟ ದಿನ ಅವರ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಕೂತಿದ್ದರು. ನನ್ನನ್ನು ಕಂಡೊಡನೆ ಕಣ್ಣಲ್ಲಿ ನೀರು ತಂದುಕೊಂಡರು.

"ಅವತ್ತ ನನಗ ಖರೇನ ತಿಳಿದಿತ್ತು ನೀಲಗಂಗವ್ವಾ. ಆಣಿ ಮಾಡಿ ಹೇಳ್ತೀನಿ. ಎದಿ ಹಗರಾಗಿತ್ತು. ಇಷ್ಟ ವರ್ಷದಾಗ ಆ ಇಂಗ್ಲಿಷ್ ಮಾತು ಮೊದಲನೇ ಸಲ ಪೂರಾ ತಿಳದಂಗ ಆಗಿತ್ತು."

"ಏನಂತ ತಿಳಿದಿತ್ರಿ?" ಅಂದೆ. ಕೇಳಬಾರದಿತ್ತು.

ಅವರು ಬಾಯಿ ತೆರೆದರು. ಗೋಡೆ ನೋಡಿದರು, ತಮ್ಮ ಕೈ ನೋಡಿಕೊಂಡರು. ಹತ್ತಿ ತಿಕ್ಕುವಂತೆ ಬೆರಳು ತಿಕ್ಕಿದರು. ಒಂದು ಮಾತೂ ಬರಲಿಲ್ಲ. ಅವರ ಸೊಸೆ ಚಹಾ ತಂದಿಟ್ಟಳು. ನಾನು ಅದನ್ನು ಮುಟ್ಟದೆ ಎದ್ದೆ.

ಅಲ್ಲಿಂದ ದುರ್ಗದಬೈಲಿಗೆ ಹೋದೆ. ಫಕೀರವ್ವ ಮೆಂತ್ಯದ ಸೊಪ್ಪಿನ ಸಿವುಡಿಗೆ ನೀರು ಚಿಮುಕಿಸುತ್ತಿದ್ದಳು. ಅವಳ ಎದುರು ಕುಕ್ಕರಗಾಲಲ್ಲಿ ಕೂತು, ಅವತ್ತು ಹೇಳದೆ ಬಿಟ್ಟದ್ದನ್ನೆಲ್ಲ ಹೇಳಿದೆ. ಮಿರರು, ಬ್ಯಾಕಪ್ಪು, ರಿಸ್ಟೋರು. ಅವಳು ಪೂರ್ತಿ ಕೇಳಿದಳು.

"ಅಂದ್ರ, ಡಬ್ಬಿ ಮ್ಯಾಲೆ ಸಕ್ಕರಿ ಅಂತ ಚೀಟಿ ಐತಿ, ಮುಚ್ಚಳಾ ತಗದು ನೋಡಿಲ್ಲ. ಹಂಗನು?"

"ಹಂಗ ಬೇ."

"ಇಷ್ಟನ? ಅವತ್ತ ಇಷ್ಟು ಹೇಳಿದ್ರ ನಾ ಎದ್ದು ನಿಂತು ಮುಚ್ಚಳಾ ತಗೀರಿ ಅಂತಿದ್ದೆಲ್ಲವಾ." ಅವಳು ಸಿವುಡಿಯನ್ನು ಕೆಳಗಿಟ್ಟಳು. "ಮನ್ಯಾಗ ಹೇಳೀ ಏನು, ನಿನ್ನ ಗಂಡಗ?"

ಹೇಳಿರಲಿಲ್ಲ. ಯಂತ್ರ ಕೈಕೊಟ್ಟಿತು ಎಂದಷ್ಟೇ ಹೇಳಿದ್ದೆ. ಅವರು ತಲೆಯಾಡಿಸಿದ್ದರು, ಆ ತಲೆಯಾಡಿಕೆಯನ್ನು ನಂಬಿಕೊಂಡು ಐದಾರು ತಿಂಗಳು ಕಳೆದಿದ್ದೆ.

ಮನೆಗೆ ಬಂದಾಗ ಅವರು ಕಿಟಕಿಯ ಹತ್ತಿರ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಎದುರು ಕೂತು ಎಲ್ಲ ಹೇಳಿದೆ. ಫಕೀರವ್ವನ ರೂಢಿ ನಿಲ್ಲಿಸಿದ್ದು. ದಾವಲಸಾಬ ಒಂದು ದಿನ ಕೇಳಿದ್ದು. ಅದು ನವಲಗುಂದದ ಐತವಾರವಾಗಿದ್ದು. ದೀಪಗಳು ಹಸಿರಾದಾಗ ನನಗೆ ಒಳಗೊಳಗೇ ಹಿಗ್ಗಾದದ್ದು. ಫಕೀರವ್ವನ ಬಾಯಿ ಮುಚ್ಚಿಸಿದ್ದು. ಹೇಳುವಾಗ ನನ್ನ ದನಿ ನನಗೇ ಅಸಹ್ಯವಾಗಿ ಕೇಳಿಸುತ್ತಿತ್ತು, ಗಟ್ಟಿಯಾಗಿ, ಸ್ಪಷ್ಟವಾಗಿ, ಯಾವ ಕಂಪ್ಯೂಟರಿನ ಹಂಗೂ ಇಲ್ಲದೆ ಬರುತ್ತಿತ್ತು.

ಅವರು ತಲೆಯಾಡಿಸಿದರು.

"ಬ್ಯಾಡ್ರಿ, ತಲಿ ಆಡಸಬ್ಯಾಡ್ರಿ," ಅಂದೆ. "ಏನ್ ತಿಳೀತು ಅಂತ ತಿರುಗಿ ಹೇಳ್ರಿ."

ಅವರು ಪಾಟಿ ತೊಡೆಯ ಮೇಲಿಟ್ಟುಕೊಂಡು, ಮಕ್ಕಳು ಬರೆಯುವ ಹಾಗೆ ನಿಧಾನವಾಗಿ ಬರೆದು, ನನ್ನ ಕಡೆ ತಿರುಗಿಸಿದರು.

'ನನ್ನ ಒಂದಿನದ ಮಾತು ಉಳಸಾಕ ಹೋಗಿ, ಪೂರಾ ಮಾತು ಕಳದಿ.'

ಅವರಿಗೆ ತಿಳಿದಿತ್ತು. ಒಂದು ಅಕ್ಷರವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ತಿದ್ದುವುದಕ್ಕೆ ನನಗೆ ಏನೂ ಉಳಿದಿರಲಿಲ್ಲ.

"ಹೌದ್ರಿ," ಅಂದೆ.

ಅವರು ಬಳಪ ಕೆಳಗಿಟ್ಟು ಕಿಟಕಿಯ ಕಡೆ ಮುಖ ತಿರುಗಿಸಿದರು. ಪಾಟಿ ನಮ್ಮಿಬ್ಬರ ನಡುವೆ ಇತ್ತು. ಅದನ್ನು ಅವರೂ ಒರೆಸಲಿಲ್ಲ, ನಾನೂ ಒರೆಸಲಿಲ್ಲ.